ಉಡಿ ತುಂಬಿದ ಕೈ

ನರೇಗಲ್ಲಿನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿರುವ ದ್ರಾಕ್ಷಾಯಣಿಗೆ ಇಲ್ಲ ಎನ್ನಲು ಬರುವುದಿಲ್ಲವೆಂದಲ್ಲ. ಮಕ್ಕಳಿಗೆ ಬೆಳಗಿನಿಂದ ಸಂಜೆಯತನಕ ಅದನ್ನೇ ಹೇಳುತ್ತಿದ್ದಳು. ಗಂಡನಿಗೂ ಆಗಾಗ ಹೇಳುತ್ತಿದ್ದಳು, ಅವನು ಪಾಪ ಕೇಳುತ್ತಿದ್ದ. ಆದರೆ ಕುರ್ಚಿಯಲ್ಲಿ ಒರಗಿ ಕೂತು ನಗುನಗುತ್ತ ಮಾತಾಡುವ ದೊಡ್ಡವರ ಮುಂದೆ ಆ ಎರಡಕ್ಷರ ಅವಳ ಗಂಟಲಲ್ಲೇ ಉಳಿದುಬಿಡುತ್ತಿತ್ತು. ಅದರಲ್ಲೂ ಅವರು "ಅಕ್ಕೋರ, ನಿಮ್ಮಂಥಾ ತಿಳದವ್ರು..." ಎಂದು ಶುರು ಮಾಡಿದರೆ ಮುಗಿದೇ ಹೋಯಿತು. ಆಮೇಲೆ ಅವರು ಏನು ಕೇಳಿದರೂ ಅವಳು ತಲೆಯಾಡಿಸಿಕೊಂಡೇ ಬರುತ್ತಿದ್ದಳು.

ಇಂಥ ದೊಡ್ಡವರಲ್ಲಿ ಒಬ್ಬರು ಗಜೇಂದ್ರಗಡದ ಸೀರೆ ವ್ಯಾಪಾರಿ ಅಂದಾನಪ್ಪನವರು. ರಾಜ್ಯೋತ್ಸವದ ದಿನ ಗಜೇಂದ್ರಗಡದಿಂದ ರೋಣದವರೆಗೆ ಸೈಕಲ್ ರೇಸ್ ನಡೆಸುವ ಕಮಿಟಿಗೆ ಅವರೇ ಅಧ್ಯಕ್ಷರು. ಕೆಟ್ಟ ಮನುಷ್ಯರೇನಲ್ಲ. ರೇಸಿನ ಹುಡುಗರಿಗೆ ಬಾಳೆಹಣ್ಣು, ಗ್ಲೂಕೋಸು, ಹಿಂದೆ ಒಂದು ಆಂಬುಲೆನ್ಸು, ಎಲ್ಲ ಅವರದೇ ಏರ್ಪಾಟು. ಹೆಣ್ಣುಮಕ್ಕಳಿಗೂ ರೇಸ್ ಇತ್ತು, ಆದರೆ ಅರ್ಧ ದಾರಿ. ನಡುದಾರಿಯಲ್ಲಿ ಒಂದು ಬಾವುಟ ನೆಟ್ಟು ಅಲ್ಲಿಂದ ಬಿಡುತ್ತಿದ್ದರು. ಬಹುಮಾನ ಅರ್ಧವೂ ಅಲ್ಲ, ಕಾಲು. ಯಾಕೆಂದು ಕೇಳಿದರೆ ದಾರಿ ಕಡಿಮೆ ಎನ್ನುತ್ತಿದ್ದರು. ದಾರಿ ಯಾಕೆ ಕಡಿಮೆ ಎಂದರೆ ಹೆಣ್ಣುಮಕ್ಕಳು ಎನ್ನುತ್ತಿದ್ದರು.

ದ್ರಾಕ್ಷಾಯಣಿ ತಾನೂ ಹುಡುಗಿಯಾಗಿದ್ದಾಗ ರೇಸ್ ಹೊಡೆದವಳು. ಹುಡುಗಿಯರ ರೇಸ್ ನೋಡಿಕೊಳ್ಳಲೆಂದು ಆ ವರ್ಷ ಅವಳನ್ನೂ ಸೇರಿಸಿಕೊಂಡಿದ್ದ ಕಮಿಟಿಯಲ್ಲಿ ಎದ್ದು ನಿಂತು, ಅದೇ ದಾರಿ, ಅದೇ ಬಹುಮಾನ ಎಂದು ಪಟ್ಟು ಹಿಡಿದಳು. ಹೇಗೆ ಹಿಡಿದಳೋ ಅವಳಿಗೇ ಆಶ್ಚರ್ಯ. ಅಂದಾನಪ್ಪನವರು ನಕ್ಕು, "ಆತ್ರೀ ಅಕ್ಕೋರ, ಸಮ ಅಂದ್ರ ಸಮ" ಎಂದರು. ಆ ಮಾತನ್ನು ಹೊತ್ತುಕೊಂಡು ಅವಳು ನೇರವಾಗಿ ಹೋದದ್ದು ಮುಶಿಗೇರಿಯ ಭುವನೇಶ್ವರಿಯ ಹತ್ತಿರ.

ಭುವಿ ಹೈಸ್ಕೂಲಿಗೆ ನರೇಗಲ್ಲಿನ ಅಜ್ಜಿಯ ಮನೆಯಲ್ಲಿದ್ದಾಗ ದ್ರಾಕ್ಷಾಯಣಿಯ ಕೈಯಲ್ಲೇ ಪಳಗಿದವಳು. ಈಗ ಗಜೇಂದ್ರಗಡದಲ್ಲಿ ಪಿಯುಸಿ. ಮಾತು ಕಮ್ಮಿ, ಆದರೆ ಆಡಿದರೆ ನೆಟ್ಟಗೆ ಆಡುವ ಹುಡುಗಿ. ಅವಳು ಓಡಿಸುವ ರೇಸ್ ಸೈಕಲ್ಲು ಅಲ್ಲಿನ ಬಸ್‌ಸ್ಟ್ಯಾಂಡ್ ಹತ್ತಿರ ರಿಪೇರಿ ಅಂಗಡಿ ಇಟ್ಟಿರುವ ಮುನಾವರನದು. ವಿಜಯಪುರದಿಂದ ಹಳೆಯದನ್ನು ತಂದು ಚೊಕ್ಕ ಮಾಡಿದ್ದ. "ಮಾರಾಕಂತ ತಂದೀನವಾ. ಗಿರಾಕಿ ಬರೂತನಕ ಹೊಡಿ. ರೇಸ್ ಗೆದ್ರ ಆ ರೊಕ್ಕದಾಗ ನೀನ ತಗೋ" ಎಂದಿದ್ದ. ಹುಡುಗರಷ್ಟೇ ಮೊದಲ ಬಹುಮಾನದ ಹಣ ಬಂದರೆ ಸೈಕಲ್ಲು ಭುವಿಯದು, ಬಾರದಿದ್ದರೆ ಸೈಕಲ್ಲೂ ಇಲ್ಲ, ರೇಸೂ ಇಲ್ಲ. ಅಷ್ಟು ಸರಳ.

"ಖರೇನ ಸಮ ಕೊಡ್ತಾರೇನ್ರಿ ಅಕ್ಕೋರ?" ಎಂದು ಭುವಿ ಕೇಳಿದ್ದಳು.

"ನಾ ಹೇಳಾಕತ್ತೀನಲ್ಲ."

"ಕೊಡಲಿಲ್ಲಂದ್ರ ನಾ ಮೈಕ್ ಇಸ್ಕೊಂಡು ಎಲ್ಲಾರ ಮುಂದ ಕೇಳ್ತೀನಿ ನೋಡ್ರಿ."

"ಕೇಳವಾ, ನಾನೂ ನಿನ್ನ ಬಾಜೂಕ ನಿಂದರ್ತೀನಿ" ಎಂದು ದ್ರಾಕ್ಷಾಯಣಿ ಉಬ್ಬಿಕೊಂಡು ಹೇಳಿದ್ದಳು. ಮಾತು ಆಡುವುದು ಎಷ್ಟು ಸುಲಭ.

ರೇಸಿನ ದಿನ ಗಾಳಿ ವಿಪರೀತ. ಗುಡ್ಡದ ಮೇಲಿನ ಕರೆಂಟಿನ ಗಾಳಿ ಫ್ಯಾನುಗಳೆಲ್ಲ ಜೋರಾಗಿ ತಿರುಗುತ್ತಿದ್ದವು. ಎರೆಹೊಲದ ನಡುವಿನ ಬಯಲು ದಾರಿಯಲ್ಲಿ ಅಡ್ಡಗಾಳಿ ಬೀಸಿದರೆ ಮರೆಯಾಗಲು ಒಂದು ಗಿಡವೂ ಇಲ್ಲ. ಹುಡುಗರಲ್ಲೇ ಎಷ್ಟೋ ಮಂದಿ ಕೈಬಿಟ್ಟು ಟ್ರ್ಯಾಕ್ಟರ್ ಹತ್ತಿ ಬಂದರು. ಹುಡುಗಿಯರ ರೇಸಿನಲ್ಲಿ ಭುವಿ ರೋಣದ ಗಡಿ ಮುಟ್ಟಿದಾಗ ಹಿಂದೆ ಯಾರೂ ಕಾಣುತ್ತಿರಲಿಲ್ಲ. ಇಳಿದವಳೇ ಸೈಕಲ್ಲಿಗೆ ಒರಗಿ ನಿಂತು ಒಂದಿಷ್ಟು ಉಸಿರಾಡಿ, ಮುಖದ ಧೂಳು ಒರೆಸಿಕೊಂಡು ನಕ್ಕಳು. ದ್ರಾಕ್ಷಾಯಣಿ ಅವಳನ್ನು ತಬ್ಬಿಕೊಂಡು ಅತ್ತೇಬಿಟ್ಟಳು.

ಬಹುಮಾನ ಕೊಡುವ ಹೊತ್ತಿಗೆ ಅಂದಾನಪ್ಪನವರು ವೇದಿಕೆಯ ಹಿಂದೆ ದ್ರಾಕ್ಷಾಯಣಿಯನ್ನು ಕರೆದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು, ಇನ್ನೊಂದನ್ನು ಅವಳಿಗೂ ಎಳೆದರು.

"ಅಕ್ಕೋರ, ಸಿಟ್ಟಾಗಬ್ಯಾಡ್ರಿ. ಹೆಣ್ಮಕ್ಕಳ ಬಹುಮಾನ ಕೊಡ್ತೀನಂದ ಪಾರ್ಟಿ ನಿನ್ನೆ ಕೈ ಎತ್ತಿತ್ರಿ. ಇನ್ನ ಹುಡುಗ್ರ ರೊಕ್ಕ ಕಡಿಮಿ ಮಾಡಾಕ ಬರಾಂಗಿಲ್ಲ, ಬ್ಯಾನರ್‌ನ್ಯಾಗ ಪ್ರಿಂಟ್ ಆಗೈತಿ."

"ಹುಡುಗ್ಯಾರದೂ ಪ್ರಿಂಟ್ ಆಗೈತಲ್ರಿ?"

"ಅದ್ರಾಗ ಸಮಾನ ಗೌರವ ಅಂತ ಐತ್ರಿ. ರೊಕ್ಕ ಅಂತ ಎಲ್ಲೈತಿ?"

ದ್ರಾಕ್ಷಾಯಣಿ ತಿರುಗಿ ಬ್ಯಾನರ್ ನೋಡಿದಳು. ಹೌದು. ಹುಡುಗರ ಸಾಲಿನಲ್ಲಿ ಇಪ್ಪತ್ತೈದು ಸಾವಿರ ರೂಪಾಯಿ, ಹುಡುಗಿಯರ ಸಾಲಿನಲ್ಲಿ ಸಮಾನ ಗೌರವ. ಬೆಳಗಿನಿಂದ ಅದರ ಕೆಳಗೇ ಓಡಾಡಿದ್ದಳು, ಓದಿರಲಿಲ್ಲ. ಗೌರವ ಎಂಬ ಪದ ಕಂಡರೆ ನಾವು ಮುಂದೆ ಓದುವುದಿಲ್ಲವಷ್ಟೆ.

"ಏಳು ಸಾವಿರ ಕೊಡೂಣು" ಎಂದರು ಅಂದಾನಪ್ಪನವರು. "ಮ್ಯಾಲೆ ನಮ್ಮ ಅಂಗಡಿಯಿಂದ ಒಂದು ಚಲೋ ಸೀರಿ. ಹುಡುಗ್ರಿಗೆ ಬರೇ ರೊಕ್ಕ, ನಿಮ್ಮ ಹುಡುಗಿಗೆ ರೊಕ್ಕಾನೂ ಆತು, ಸೀರಿನೂ ಆತು. ಖರೇ ಅಂದ್ರ ಅಕೀಗೇ ಜಾಸ್ತಿ ಆತ್ರಿ."

"ಅಕಿ ಒಪ್ಪಾಂಗಿಲ್ರಿ. ಮೈಕ್ ಇಸ್ಕೊಂಡು ಕೇಳ್ತೀನಿ ಅಂದಾಳ."

ಅಂದಾನಪ್ಪನವರ ನಗು ಸಣ್ಣಗಾಯಿತು. "ಹಂಗೇನರ ಆದ್ರ ಮುಂದಿನ ವರ್ಷ ಹೆಣ್ಮಕ್ಕಳ ರೇಸ್ ಮಾಡೂದ ಬ್ಯಾಡ ಅಂತಾರ್ರಿ ಕಮಿಟಿಯವ್ರು. ಒಬ್ಬಾಕಿ ಸಲುವಾಗಿ ಎಲ್ಲಾ ಹುಡುಗ್ಯಾರದೂ ಕೆಟ್ಟಂಗ ಆಗತೈತಿ. ನೀವ ಏನರ ಹಾದಿ ಹೇಳ್ರಿ ಅಕ್ಕೋರ. ನಿಮ್ಮಂಥಾ ತಿಳದವ್ರು..."

ಇಲ್ಲಿ ಅವಳು ಸುಮ್ಮನಿದ್ದರೂ ಸಾಕಿತ್ತು. ತಿಳಿಯದು ಎಂದು ಎದ್ದು ಹೋಗಿದ್ದರೂ ಆಗುತ್ತಿತ್ತು. ಅವಳ ಬಾಯಿಂದ ಬಂದದ್ದು ಬೇರೆ.

"ಉಡಿ ತುಂಬೂಣ್ರಿ" ಎಂದಳು.

ಅಂದಾನಪ್ಪನವರಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅವರ ಮುಖ ಅರಳಿತು. "ಭಾಳ ಚಲೋ ವಿಚಾರ್ರಿ!" ಎಂದು ಆಗಲೇ ಅಕ್ಕಿ, ಕಾಯಿ, ಕುಬಸದ ಖಣ ತರಲು ಮಂದಿಯನ್ನು ಓಡಿಸಿದರು. ಅವರು ಅದನ್ನು ಮರ್ಯಾದೆಯೆಂದೇ ತಿಳಿದರು. ದ್ರಾಕ್ಷಾಯಣಿಗೆ ಗೊತ್ತಿತ್ತು. ಮಡಿಲಿಗೆ ತುಂಬುವ ಉಡಿಯನ್ನು ಬೇಡ ಎನ್ನಲು ಬರುವುದಿಲ್ಲ. ಎರಡೂ ಕೈಯಲ್ಲಿ ಸೆರಗು ಹಿಡಿಯಬೇಕು. ಹಿಡಿದದ್ದನ್ನು ನೆಲಕ್ಕಿಡುವಂತಿಲ್ಲ, ಮನೆ ಮುಟ್ಟುವತನಕ ಬಿಡುವಂತಿಲ್ಲ. ಉಡಿ ತುಂಬಿಸಿಕೊಂಡು ಯಾರೂ ಜಗಳ ಆಡಿದ್ದನ್ನು ಅವಳು ತನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ. ಇದೆಲ್ಲ ಗೊತ್ತಿದ್ದೇ ಹೇಳಿದ್ದಳು. ಮುಂದಿನ ವರ್ಷದ ಹುಡುಗಿಯರಿಗಾಗಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆ ಸಮಾಧಾನ ವೇದಿಕೆಯ ಮೆಟ್ಟಿಲು ಹತ್ತುವಷ್ಟು ಹೊತ್ತು ಕೂಡ ಬಾಳಲಿಲ್ಲ.

ಹುಡುಗರಲ್ಲಿ ಗೆದ್ದ ಚನ್ನಬಸವ ಬಾಗಿಲಿನಷ್ಟಗಲದ ರಟ್ಟಿನ ಚೆಕ್ಕನ್ನು ತಲೆಯ ಮೇಲೆ ಎತ್ತಿ ಹಿಡಿದ. ಜನ ಶಿಳ್ಳೆ ಹೊಡೆದರು. ಭುವಿಯ ಹೆಸರು ಕರೆದು ಏಳು ಸಾವಿರ ಎಂದು ಸಾರಿದಾಗ ಅವಳು ವೇದಿಕೆ ಹತ್ತಿ, ಲಕೋಟೆ ಹಿಡಿದು ನಿಂತಿದ್ದವರ ಕಡೆ ನೋಡದೆ ನೆಟ್ಟಗೆ ಮೈಕಿನ ಕಡೆ ನಡೆದಳು. ಅಂದಾನಪ್ಪನವರು ದ್ರಾಕ್ಷಾಯಣಿಯನ್ನು ನೋಡಿದರು. ದ್ರಾಕ್ಷಾಯಣಿ ತಟ್ಟೆ ಎತ್ತಿಕೊಂಡು ನಡುವೆ ಬಂದಳು.

"ಅಕ್ಕೋರ, ಒಂದ್ನಿಮಿಷ್ರಿ. ನಾ ಮಾತಾಡ್ತೀನಿ" ಎಂದಳು ಭುವಿ ಸಣ್ಣಗೆ.

"ಮೊದಲ ಉಡಿ ತಗೋ ಯವ್ವಾ. ಬ್ಯಾಡ ಅನಬಾರದು."

ಹುಡುಗಿ ರೇಸಿನ ಬಟ್ಟೆಯಲ್ಲಿದ್ದಳು, ಉಡಿ ಒಡ್ಡಲು ಸೆರಗೆಲ್ಲಿ? ದ್ರಾಕ್ಷಾಯಣಿ ಬಹುಮಾನದ ಸೀರೆಯನ್ನೇ ಬಿಚ್ಚಿ ಅವಳ ಹೆಗಲಿಗೆ ಹೊದಿಸಿ ಮುಂದೆ ಎಳೆದು ತುದಿಯನ್ನು ಅವಳ ಎರಡೂ ಕೈಗೆ ಕೊಟ್ಟಳು. ಅಕ್ಕಿ ಹಾಕಿದಳು. ಕಾಯಿ, ಉತ್ತತ್ತಿ, ಅರಿಶಿನದ ಕೊಂಬು, ಎಲೆ ಅಡಿಕೆ, ಖಣ, ಕಡೆಗೆ ಲಕೋಟೆಯನ್ನೂ ಅದರೊಳಗೇ ಇಟ್ಟಳು. ಕುಂಕುಮ ಹಚ್ಚುವಾಗ ಭುವಿ ಅವಳನ್ನೇ ನೋಡುತ್ತಿದ್ದಳು. ಸಿಟ್ಟಿನ ನೋಟವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅದು ದಾರಿ ತಪ್ಪಿದವರು ಪರಿಚಯದವರನ್ನು ಹುಡುಕುವಂಥ ನೋಟ. ಕೆಳಗೆ ಹೆಂಗಸರು ಚಪ್ಪಾಳೆ ತಟ್ಟಿದರು, ಒಂದಿಬ್ಬರು ಕಣ್ಣು ಒರೆಸಿಕೊಂಡರು. ಎರಡೂ ಕೈ ತುಂಬಿದ ಹುಡುಗಿ ಮೈಕಿನ ಮುಂದೆ ಒಂದು ಗಳಿಗೆ ನಿಂತು, ತಲೆ ತಗ್ಗಿಸಿ ಇಳಿದು ಹೋದಳು.

ಉಡಿ ಹಿಡಿದುಕೊಂಡು ಸೈಕಲ್ ಹೊಡೆಯಲಾಗುವುದಿಲ್ಲ. ರೇಸ್ ಗೆದ್ದವಳು ರೋಣದ ಬೀದಿಯಲ್ಲಿ ಬಸ್‌ಸ್ಟ್ಯಾಂಡಿನವರೆಗೆ ನಡೆದು ಹೋದಳು. ಪಕ್ಕದಲ್ಲಿ ಸೈಕಲ್ಲು ತಳ್ಳುತ್ತ ದ್ರಾಕ್ಷಾಯಣಿ. ಏನಾದರೂ ಬೈಯಲಿ ಎಂದು ಕಾದಳು. ಭುವಿ ಆಡಿದ್ದು ಒಂದೇ ಮಾತು, "ಸಾವಕಾಶ ಹಿಡೀರಿ ಅಕ್ಕೋರ, ಗೇರ್ ಕೆಡ್ತಾವು."

ಏಳು ಸಾವಿರ ಅದರ ಬೆಲೆಗೆ ಸಾಲದೆ ಮರುದಿನ ಭುವಿ ಸೈಕಲ್ಲನ್ನು ಮುನಾವರನ ಅಂಗಡಿಗೆ ತಿರುಗಿ ಕೊಟ್ಟಳೆಂದು ದ್ರಾಕ್ಷಾಯಣಿಗೆ ತಿಳಿಯಿತು. ಊಟ ಸೇರದಾಯಿತು. ಮೈದಾನದಲ್ಲಿ ಹುಡುಗಿಯರು ಕಬಡ್ಡಿಗೆ ಗೆರೆ ಎಳೆಯಿರೆಂದು ಕರೆದರೆ ಅವರ ಮುಖ ನೋಡಲು ನಾಚಿಕೆಯಾಗುತ್ತಿತ್ತು. ಮೇಲಾಗಿ ಯಾರೋ ಉಡಿ ತುಂಬಿದ ಫೋಟೊವನ್ನು ಮೊಬೈಲಿನಲ್ಲಿ ಹಂಚಿದ್ದರು. ಸ್ಟಾಫ್ ರೂಮಿನಲ್ಲಿ ಎಲ್ಲರೂ, "ಎಂಥಾ ಸಂಸ್ಕಾರ್ರಿ ನಿಮ್ದು" ಎಂದು ಹೊಗಳುತ್ತಿದ್ದರು. ಹೊಗಳಿಕೆ ಹೀಗೂ ಚುಚ್ಚುತ್ತದೆಂದು ಅವಳಿಗೆ ಆವರೆಗೆ ಗೊತ್ತಿರಲಿಲ್ಲ.

ಸಂಬಳ ಬಂದ ವಾರವೇ ಗಜೇಂದ್ರಗಡಕ್ಕೆ ಹೋದಳು. ಸೈಕಲ್ಲು ಅಂಗಡಿಯ ಗೋಡೆಗೆ ತೂಗುತ್ತಿತ್ತು.

"ಮುನಾವರಣ್ಣಾ, ಇದನ್ನ ನನಗ ಕೊಡ್ರಿ. ಎಷ್ಟ ಹೇಳ್ತೀರಿ ಅಷ್ಟು ಕೊಡ್ತೀನಿ."

ಮುನಾವರ ಪಂಕ್ಚರ್ ಹಚ್ಚುತ್ತಿದ್ದವನು ಕೈ ನಿಲ್ಲಿಸಿದ. "ಭುವಿಗೇನ್ರಿ?"

"ಹೌದ್ರಿ."

"ಕೊಡಾಕ ಬರಾಂಗಿಲ್ರಿ ಅಕ್ಕೋರ. ಸೈಕಲ್ ತಂದಿಟ್ಟ ದಿನಾನ ಹೇಳಿ ಹೋಗ್ಯಾಳ, ಅಕ್ಕೋರು ಬಂದು ಕೇಳ್ತಾರ, ಕೊಡಬ್ಯಾಡ ಕಾಕಾ ಅಂತ." ಅವನಿಗೇ ಮುಜುಗರವಾಗಿ ಮತ್ತೆ ಟ್ಯೂಬಿಗೆ ಕೈ ಹಾಕಿದ. "ಬ್ಯಾರೇದವ್ರಿಗೂ ಕೊಟ್ಟಿಲ್ರಿ. ಅಕಿ ಬಂದು ಕೇಳಿದ್ರ ಇಳಿಸ್ತೀನಿ."

ದ್ರಾಕ್ಷಾಯಣಿ ಪರ್ಸು ಮುಚ್ಚಿದಳು. ತಾನು ಹಣ ಹಿಡಿದು ಬರುತ್ತೇನೆಂದು ಕೂಡ ಆ ಹುಡುಗಿ ಮೊದಲೇ ಲೆಕ್ಕ ಹಾಕಿದ್ದಳಲ್ಲ ಎಂದು ಅವಳ ಮುಖ ಬಿಸಿಯಾಯಿತು. ಗುರುಗಳನ್ನು ಶಿಷ್ಯರು ಓದಿಕೊಂಡಷ್ಟು ಪುಸ್ತಕವನ್ನೂ ಓದುವುದಿಲ್ಲ.

ಹೀಗಿರುವಾಗ ನರಗುಂದದ ಒಂದು ಯುವಕ ಸಂಘದವರು ಬಂದರು. ಮುಖ್ಯಸ್ಥ ಅಮರೇಶ ಎಂಬ ತರುಣ ವಕೀಲ. ತಾವೂ ರೇಸ್ ಇಡುತ್ತೇವೆ, ಹೆಣ್ಣುಮಕ್ಕಳ ವಿಭಾಗ ನೀವೇ ನೋಡಿಕೊಳ್ಳಬೇಕು ಎಂದರು.

"ಎರಡೂ ವಿಭಾಗಕ್ಕ ಒಂದ ರೊಕ್ಕ ಇದ್ರ ಬರ್ತೀನಿ, ಇಲ್ಲಂದ್ರ ಇಲ್ಲ" ಎಂದಳು ದ್ರಾಕ್ಷಾಯಣಿ. "ಗೌರವ, ಸನ್ಮಾನ ಏನೂ ಬರೀಬ್ಯಾಡ್ರಿ. ಬಹುಮಾನ ಅಂತ ಬರೀರಿ, ಮುಂದ ರೂಪಾಯಿ ಹಾಕ್ರಿ. ಸೀರಿ, ಶಾಲು, ಉಡಿ ಒಂದೂ ಬ್ಯಾಡ."

ಸಂಘದ ಹಿರಿಯರೊಬ್ಬರು, "ನಿಮ್ಮಂಥಾ ತಿಳದವ್ರು..." ಎಂದು ಶುರು ಮಾಡಿದರು.

"ನಾ ತಿಳದಾಕಿ ಅಲ್ರಿ" ಎಂದು ಅವಳು ಅಲ್ಲಿಗೇ ಕತ್ತರಿಸಿದಳು. ಆ ಮಾತು ಎಷ್ಟು ನಿಜವೆಂದು ಅವರಿಗೆ ಗೊತ್ತಿರಲಿಲ್ಲ. ಅಮರೇಶ ಒಪ್ಪಿದ. ಮೂವತ್ತು ಸಾವಿರ, ಮೂವತ್ತು ಸಾವಿರ. ಕರಪತ್ರ ಅಚ್ಚಾಯಿತು.

ಕರಪತ್ರ ಹಿಡಿದುಕೊಂಡು ಅವಳು ಮುಶಿಗೇರಿಗೆ ಹೋದಳು. ಭುವಿಯ ತಾಯಿ ಕಲ್ಲವ್ವ ಬಾಗಿಲಲ್ಲೇ ಕಾಲಿಗೆ ನೀರು ಕೊಟ್ಟು, "ಬರ್ರಿ ಅಕ್ಕೋರ, ಬರ್ರಿ. ನಿಮ್ಮ ಕೈಲೆ ಉಡಿ ತುಂಬಿದ್ರಿ, ನಮ್ಮ ಹುಡುಗಿ ಪುಣ್ಯಾ ಮಾಡಿತ್ತು. ಆ ಅಕ್ಕ್ಯಾಗ ಹುಗ್ಗಿ ಮಾಡಿ ಓಣಿಗೆಲ್ಲಾ ಹಂಚೇನ್ರಿ" ಎಂದಳು. ದ್ರಾಕ್ಷಾಯಣಿ ನೆಲ ನೋಡಿದಳು.

ಭುವಿ ಮಾಳಿಗೆಯ ಮೇಲೆ ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದಳು. ಘಾಟಿಗೆ ದ್ರಾಕ್ಷಾಯಣಿ ಸೀನಿದಳು, ಕಣ್ಣಲ್ಲಿ ನೀರು ಬಂತು. ಘಾಟಿನದು ಎಂದುಕೊಳ್ಳಲು ಅನುಕೂಲವಾಯಿತು.

"ನರಗುಂದದಾಗ ರೇಸ್ ಐತಿ ಭುವಿ."

"ಸಮ ಐತೇನ್ರಿ?"

ಕರಪತ್ರ ಕೊಟ್ಟಳು. ಹುಡುಗಿ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಅದನ್ನು ಮೇಲಿನಿಂದ ಕೆಳಗೆ ಓದಿದಳು, ತಿರುಗಿಸಿ ಹಿಂದಿನ ಪುಟವನ್ನೂ ನೋಡಿದಳು. ಮೊದಲಾಗಿದ್ದರೆ ಅಕ್ಕೋರ ಮಾತೇ ಸಾಕಿತ್ತು. ಓದಿ ಮಡಚಿ ಪಕ್ಕಕ್ಕಿಟ್ಟಳು.

"ಒಂದು ಕೇಳ್ತೀನ್ರಿ ಅಕ್ಕೋರ. ಆವತ್ತು ಉಡಿ ತುಂಬೂ ವಿಚಾರ ನಿಮ್ದ ಹೌದಲ್ರಿ?"

ಬಸ್ಸಿನಲ್ಲಿ ದಾರಿಯುದ್ದಕ್ಕೂ ದ್ರಾಕ್ಷಾಯಣಿ ಮಾತು ಹೊಂದಿಸಿಕೊಂಡು ಬಂದಿದ್ದಳು. ಕಮಿಟಿಯ ಬೆದರಿಕೆ, ಮುಂದಿನ ವರ್ಷದ ಹುಡುಗಿಯರು, ಕೊನೆಯ ಗಳಿಗೆಯ ಗಡಿಬಿಡಿ.

ಭುವಿ ಉತ್ತರಕ್ಕೆ ಕಾಯಲೂ ಇಲ್ಲ. "ಗಂಡಸೂರಿಗೆ ಅದು ಹೊಳ್ಯಾಂಗಿಲ್ರಿ. ರೊಕ್ಕ ಕಡಿಮಿ ಕೊಡೂದಷ್ಟ ಅವ್ರಿಗೆ ಗೊತ್ತು. ಹೆಣ್ಮಕ್ಕಳ ಬಾಯಿ ಹ್ಯಾಂಗ ಕಟ್ಟಬೇಕಂತ ಹೆಣ್ಮಕ್ಕಳಿಗೇ ಗೊತ್ತಿರತೈತಿ."

"ತಪ್ಪಾತವಾ" ಎಂದಳು ದ್ರಾಕ್ಷಾಯಣಿ.

ಭುವಿ ಇನ್ನಷ್ಟು ತೊಟ್ಟು ಮುರಿದಳು. ಆಮೇಲೆ, "ಬರ್ತೀನ್ರಿ ನರಗುಂದಕ್ಕ. ಮುನಾವರ ಕಾಕಾಗ ಹೇಳಿ ಸೈಕಲ್ ಇಳಿಸ್ತೀನಿ. ಆದ್ರ ನಾ ಸ್ಟೇಜ್ ಹತ್ತೂಮುಂದ ನೀವು ಅಲ್ಲಿ ಇರಬಾರದ್ರಿ" ಎಂದಳು. ಸಿಟ್ಟಿರಲಿಲ್ಲ; ಕ್ಲಾಸಿನಲ್ಲಿ ಎದ್ದು ನಿಂತು ರಜೆ ಕೇಳುವಂಥ ದನಿ. "ನಿಮ್ಮ ಮಾರಿ ನೋಡಿದ್ರ ನನಗ ಮಾತ ಹೊಂಡಾಂಗಿಲ್ರಿ. ನೀವು ಹೇಳಿದ್ದಕ್ಕ ಹೂಂ ಅಂದ ಅಭ್ಯಾಸ."

"ಆತು" ಎಂದಳು ದ್ರಾಕ್ಷಾಯಣಿ.

ನರಗುಂದದಲ್ಲಿ ಗುಡ್ಡದ ಬುಡದ ಶಾಲೆಯೊಂದರ ಮೈದಾನದಲ್ಲಿ ವೇದಿಕೆ. ಹೆಣ್ಣುಮಕ್ಕಳ ಬಹುಮಾನ ದ್ರಾಕ್ಷಾಯಣಿಯ ಕೈಯಿಂದಲೇ ಎಂದು ಅಮರೇಶ ಕರಪತ್ರದಲ್ಲಿ ಹಾಕಿಸಿದ್ದ. ಬೆಳಿಗ್ಗೆ ಹುಡುಗಿಯರ ಚೆಸ್ಟ್ ನಂಬರ್ ಕಟ್ಟಿದಳು, ಭುವಿಯ ನಂಬರನ್ನೂ ಅವಳೇ ಕಟ್ಟಿದಳು. ರೇಸಿನ ಕೊನೆಯಲ್ಲಿ ಮೂರು ಹುಡುಗಿಯರು ಒಟ್ಟಿಗೇ ಬಂದರು. ನಡುವಿನಿಂದ ಭುವಿಯ ಮುಂದಿನ ಗಾಲಿ ಗೆರೆಯನ್ನು ಮೊದಲು ದಾಟಿತು. ದ್ರಾಕ್ಷಾಯಣಿಗೆ ಓಡಿ ಹೋಗಿ ತಬ್ಬಿಕೊಳ್ಳಬೇಕೆನಿಸಿತು. ಬದಲಿಗೆ ಜನರ ನಡುವೆ ನುಸುಳಿ ಕಾಂಪೌಂಡ್ ಗೋಡೆಯ ಆಚೆ ರಸ್ತೆಗೆ ಬಂದಳು. ಅಲ್ಲಿ ಕಬ್ಬಿನಹಾಲಿನ ಗಾಡಿಯೊಂದಿತ್ತು. ಬಾಯಾರಿಕೆ ಇರಲಿಲ್ಲ, ಸುಮ್ಮನೆ ನಿಂತರೆ ಚೆಂದವಲ್ಲವೆಂದು ಒಂದು ಗ್ಲಾಸು ಹೇಳಿದಳು.

ಗೋಡೆಯ ಒಳಗಿಂದ ಮೈಕು ಸಾರುತ್ತಿತ್ತು. ಪುರುಷರ ವಿಭಾಗ, ಪ್ರಥಮ, ಮೂವತ್ತು ಸಾವಿರ. ಮಹಿಳೆಯರ ವಿಭಾಗ, ಪ್ರಥಮ, ಮೂವತ್ತು ಸಾವಿರ. ಎರಡನೆಯದಕ್ಕೆ ಚಪ್ಪಾಳೆ ಜೋರಾಯಿತು. ನಂತರ ಅಮರೇಶನ ದನಿ ಕೇಳಿತು. ಈ ಸಮಾನ ಬಹುಮಾನ ಸಾಧ್ಯವಾದದ್ದು ಒಬ್ಬರಿಂದ, ಹೆಣ್ಣುಮಕ್ಕಳ ಪರವಾಗಿ ಹಟ ಹಿಡಿದು ನಿಂತವರು, ದ್ರಾಕ್ಷಾಯಣಿ ಮೇಡಂ ವೇದಿಕೆಗೆ ಬರಬೇಕು. ಜನ ಚಪ್ಪಾಳೆ ತಟ್ಟಿದರು. ದ್ರಾಕ್ಷಾಯಣಿ ಗ್ಲಾಸನ್ನು ಬಿಗಿಯಾಗಿ ಹಿಡಿದಳು. ಮೇಡಂ ಎಲ್ಲಿದ್ದರೂ ಬರಬೇಕು. ಮತ್ತೆ ಚಪ್ಪಾಳೆ. ಮೇಡಂ ದಯಮಾಡಿ ಬರಬೇಕು, ನಮ್ಮ ವಿಜೇತೆ ಕಾಯುತ್ತಿದ್ದಾರೆ.

ಗಾಡಿಯವನು ಬೆಳಿಗ್ಗೆ ಅವಳು ನಂಬರ್ ಕಟ್ಟುವುದನ್ನು ನೋಡಿದ್ದ. "ನಿಮ್ಮನ್ನ ಕರಿಯಾಕತ್ತಾರಲ್ರಿ ಅಕ್ಕೋರ?" ಎಂದ.

"ಅಲ್ರಿ" ಎಂದಳು ದ್ರಾಕ್ಷಾಯಣಿ. "ಅದು ಬ್ಯಾರೆ ಯಾರನ್ನೋ."

ಒಳಗೆ ಸ್ವಲ್ಪ ಹೊತ್ತು ಗುಜುಗುಜು. ಇನ್ನಾರೋ ಬಹುಮಾನ ಕೊಟ್ಟರೆಂದು ಕಾಣುತ್ತದೆ, ಮತ್ತೆ ಚಪ್ಪಾಳೆ ಬಿತ್ತು. ಮೈಕು ಒಮ್ಮೆ ಕೀಂಗುಟ್ಟಿ ಸುಮ್ಮನಾಯಿತು. ಆಮೇಲೆ ಒಂದು ಹುಡುಗಿಯ ದನಿ, ಮೊದಲು ತಡವರಿಸಿ, ಬರಬರುತ್ತ ಗಟ್ಟಿಯಾಗಿ ಬಂತು.

"ಎಲ್ಲಾರಿಗೂ ನಮಸ್ಕಾರ್ರಿ. ನಾ ಮುಶಿಗೇರಿ ಭುವನೇಶ್ವರಿ. ಹ್ವಾದ ಸಲ ರೋಣದಾಗ ನಾ ಒಂದು ಮಾತ ಕೇಳಬೇಕಂತ ಮಾಡಿದ್ದೆ..."

ದ್ರಾಕ್ಷಾಯಣಿ ಗೋಡೆಗೆ ಇನ್ನೊಂದಿಷ್ಟು ಹತ್ತಿರ ಸರಿದು, ತಲೆ ಬಗ್ಗಿಸಿ ಪೂರ್ತಿ ಕೇಳಿದಳು.